ಟೆಲಿಸ್ಕೋಪ್ ಬಂತು, ಶನಿ ಸಿಗಲಿಲ್ಲ: 525 ಪಟ್ಟನ್ನು ಮರೆತು 28ರಿಂದ ಶುರುಮಾಡಿ

ಪ್ರಶ್ನೆ: ಮನೆಗೆ ಮೊದಲ ಟೆಲಿಸ್ಕೋಪ್ ತಂದಿದ್ದೇವೆ. 70 ಮಿ.ಮೀ. ವ್ಯಾಸದ ಮಸೂರ, 700 ಮಿ.ಮೀ. ಸಂಗಮದೂರ. ಜೊತೆಗೆ 25, 10 ಮತ್ತು 4 ಮಿ.ಮೀ. ಐಪೀಸ್‌ಗಳು (ಕಣ್ಣಿಡುವ ತುದಿಯ ಮಸೂರಗಳು), ವರ್ಧನೆಯನ್ನು 3 ಪಟ್ಟು ಮಾಡುವ ಒಂದು ಬಾರ್ಲೋ ಮಸೂರ. ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ಬರೆದಿದೆ. ಹಿತ್ತಲಿನಲ್ಲಿಟ್ಟು ನೋಡಿದಾಗ ಚಂದ್ರ ಹೇಗೋ ಸಿಕ್ಕಿದ. ಗುರು, ಶನಿ ಮಾತ್ರ ಸಿಗುತ್ತಲೇ ಇಲ್ಲ. ಸಿಕ್ಕರೂ ಮಸುಕಾದ ಬಿಲ್ಲೆಯೊಂದು ನಡುಗುತ್ತಾ ಬಂದು ಓಡಿಹೋಗುತ್ತದೆ. ತಂದದ್ದೇ ಸರಿಯಿಲ್ಲವೇ? ಇನ್ನೂ ದೊಡ್ಡದು ಕೊಳ್ಳಬೇಕೇ?

ಉತ್ತರ: ನೀವು ತಂದ ಟೆಲಿಸ್ಕೋಪ್ ಸರಿಯಾಗಿಯೇ ಇದೆ. 70 ಮಿ.ಮೀ. ಮಸೂರಕ್ಕೆ ಶನಿಯ ಬಳೆಯೂ ಎಟುಕುತ್ತದೆ, ಗುರುವಿನ ನಾಲ್ಕು ಚಂದ್ರರೂ ಎಟುಕುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಆ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟು ಹಿಗ್ಗಿಸುವ, ನಿಮ್ಮದಕ್ಕಿಂತ ಎಷ್ಟೋ ಕಿರಿದಾದ ಮಸೂರದಲ್ಲಿ. ನೀವು ಬರೆದಿರುವ ಲಕ್ಷಣಗಳೆಲ್ಲ ಎರಡು ಕಾರಣಗಳ ಕಡೆ ಬೆರಳು ಮಾಡುತ್ತವೆ: ಗುರಿ ಹಿಡಿಯುವ ಸಾಧನವಾದ ಫೈಂಡರ್ ಇನ್ನೂ ಕೊಳವೆಯ ಜೊತೆ ಹೊಂದಿಕೆಯಾಗಿಲ್ಲ, ಮತ್ತು ಮೊದಲ ದಿನವೇ ದೊಡ್ಡ ವರ್ಧನೆಗೆ ಕೈಹಾಕಿದ್ದೀರಿ. ಎರಡನ್ನೂ ಒಂದು ಸಂಜೆಯಲ್ಲಿ ಸರಿಪಡಿಸಬಹುದು, ಖರ್ಚಿಲ್ಲದೆ.

ಮೊದಲು ಆ 525ರ ಲೆಕ್ಕ ನೋಡೋಣ. ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 25ರ ಐಪೀಸಿಗೆ 28 ಪಟ್ಟು, 10ಕ್ಕೆ 70, 4ಕ್ಕೆ 175. ಅದಕ್ಕೆ 3 ಪಟ್ಟಿನ ಬಾರ್ಲೋ ಸೇರಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ, ಆದರೆ ಆ ವರ್ಧನೆಯಿಂದ ಯಾವ ಉಪಯೋಗವೂ ಇಲ್ಲ. ಮಸೂರದ ವ್ಯಾಸದ ಪ್ರತಿ ಮಿಲಿಮೀಟರಿಗೆ 2 ಪಟ್ಟು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮೇಲ್ಮಿತಿ. ನಿಮಗೆ ಅದು 140, ಅದೂ ಗಾಳಿ ಬಹಳ ಶಾಂತವಾಗಿರುವ ರಾತ್ರಿಗಳಲ್ಲಿ ಮಾತ್ರ. ಚಿತ್ರದಲ್ಲಿ ಎಷ್ಟು ಸೂಕ್ಷ್ಮ ವಿವರ ಇರುತ್ತದೆ ಎಂಬುದನ್ನು ಮಸೂರದ ವ್ಯಾಸವೇ ನಿಗದಿ ಮಾಡಿಬಿಟ್ಟಿರುತ್ತದೆ. ಅದನ್ನು ದಾಟಿ ಹಿಗ್ಗಿಸಿದರೆ ಹೊಸದೇನೂ ಕಾಣಿಸದು, ಇದ್ದದ್ದೇ ಮಸುಕಾಗುತ್ತದೆ. 28 ಪಟ್ಟಿನಿಂದ 525ಕ್ಕೆ ಹೋದರೆ ಅಷ್ಟೇ ಬೆಳಕು ಸುಮಾರು 350 ಪಟ್ಟು ಹೆಚ್ಚು ಜಾಗಕ್ಕೆ ಹರಡಬೇಕು. ಕತ್ತಲಾಗದೆ ಇನ್ನೇನು?

ಕಾಣುವ ಕಿಟಕಿಯೂ ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. 25ರ ಐಪೀಸಿನಲ್ಲಿ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು ಆಕಾಶ ಕಾಣುತ್ತದೆ, ಅಂದರೆ ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಡುವಷ್ಟು. 525ರಲ್ಲಿ ಕಾಣುವುದು ಚಂದ್ರನ ಅಗಲದ ಸುಮಾರು ಆರನೇ ಒಂದು ಭಾಗದಷ್ಟು. ಭೂಮಿ ತಿರುಗುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಹಾಗಾಗಿ ಗ್ರಹವೊಂದು 28 ಪಟ್ಟಿನಲ್ಲಿ ಆರು ನಿಮಿಷ ಕಣ್ಣ ಮುಂದಿದ್ದರೆ, 70ರಲ್ಲಿ ಎರಡೂವರೆ ನಿಮಿಷ ಇರುತ್ತದೆ. 525ರಲ್ಲಿ ಇಪ್ಪತ್ತು ಸೆಕೆಂಡೂ ನಿಲ್ಲದು. ನೀವು ಹೇಳಿದ ‘ಓಡಿಹೋಗುವ ಬಿಲ್ಲೆ’ ಇದೇ.

ಆದ್ದರಿಂದ ಬಾರ್ಲೋವನ್ನೂ 4 ಮಿ.ಮೀ. ಐಪೀಸನ್ನೂ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಬಿಡಿ. ಕಿಟ್ ಜೊತೆ ಬರುವ 4ರ ಐಪೀಸಿಗೆ ಇನ್ನೊಂದು ತೊಂದರೆಯಿದೆ: ಕಣ್ಣನ್ನು ಗಾಜಿಗೆ ತಾಗುವಷ್ಟು ಹತ್ತಿರ ತರಬೇಕು, ರೆಪ್ಪೆ ಉಜ್ಜುತ್ತದೆ, ಕನ್ನಡಕ ಹಾಕಿಕೊಂಡಂತೂ ಆಗದು. ಹೊಸಬರಿಗೆ ಬೇಸರ ಹುಟ್ಟಿಸಲು ಅದೊಂದೇ ಸಾಕು.

ಇನ್ನು ಫೈಂಡರ್. ಆಕಾಶ ನೋಡುವುದರಲ್ಲಿ ಅರ್ಧ ಯಶಸ್ಸು ಇದರ ಮೇಲೆ ನಿಂತಿದೆ, ಕಿಟ್‌ನ ಕೈಪಿಡಿಗಳಲ್ಲಿ ಇದಕ್ಕೆ ಎರಡು ಸಾಲೂ ಇರುವುದಿಲ್ಲ. ಕೊಳವೆಯ ಬೆನ್ನ ಮೇಲಿರುವ ಪುಟ್ಟ ದುರ್ಬೀನು ಅಥವಾ ಕೆಂಪು ಚುಕ್ಕೆ ತೋರಿಸುವ ಸಾಧನವೇ ಫೈಂಡರ್. ಅದು ತೋರಿಸುವ ಜಾಗ ಮತ್ತು ದೊಡ್ಡ ಕೊಳವೆ ನೋಡುತ್ತಿರುವ ಜಾಗ ಒಂದೇ ಆಗಿರಬೇಕು. ಪೆಟ್ಟಿಗೆಯಿಂದ ತೆಗೆದಾಗ ಅದು ಹಾಗಿರುವುದಿಲ್ಲ, ಎರಡು ಮೂರು ಡಿಗ್ರಿ ಆಚೀಚೆ ಇದ್ದೇ ಇರುತ್ತದೆ. ನಿಮ್ಮ ಕಿಟಕಿಯೇ ಒಂದೂವರೆ ಡಿಗ್ರಿ ಅಗಲ ಅಂದಮೇಲೆ, ಫೈಂಡರಿನಲ್ಲಿ ಶನಿಯನ್ನು ನಟ್ಟನಡುವೆ ತಂದರೂ ಐಪೀಸಿನಲ್ಲಿ ಬರೀ ಕತ್ತಲೆ.

ಹೊಂದಿಸುವುದನ್ನು ಹಗಲಿನಲ್ಲೇ ಮಾಡಿ, ಸೂರ್ಯನಿಗೆ ಬೆನ್ನು ಹಾಕಿ. ಕನಿಷ್ಠ ಅರ್ಧ ಕಿಲೋಮೀಟರ್, ಸಾಧ್ಯವಾದರೆ ಒಂದು ಕಿಲೋಮೀಟರ್ ದೂರದ ಗುರುತೊಂದನ್ನು ಆರಿಸಿಕೊಳ್ಳಿ: ಮೊಬೈಲ್ ಟವರಿನ ತುದಿ, ನೀರಿನ ಟ್ಯಾಂಕಿನ ಮೂಲೆ, ಮರದ ಒಂಟಿ ಕೊಂಬೆ. ಹತ್ತಿರದ ವಸ್ತು ಬೇಡ. ಫೈಂಡರಿಗೂ ಕೊಳವೆಗೂ ನಡುವೆ ಕೆಲವು ಸೆಂಟಿಮೀಟರ್ ಅಂತರವಿರುವುದರಿಂದ ಹತ್ತಿರದ್ದಕ್ಕೆ ಹೊಂದಿಸಿದರೆ ದೂರದ್ದಕ್ಕೆ ತಪ್ಪುತ್ತದೆ. 25ರ ಐಪೀಸ್ ಹಾಕಿ, ಫೈಂಡರನ್ನು ಲೆಕ್ಕಿಸದೆ, ಕೊಳವೆಯ ಉದ್ದಕ್ಕೂ ಕಣ್ಣಳತೆಯಲ್ಲಿ ಗುರಿಯಿಟ್ಟು ಆ ಗುರುತನ್ನು ಐಪೀಸಿನ ಮಧ್ಯಕ್ಕೆ ತನ್ನಿ. ಸ್ಟ್ಯಾಂಡಿನ ತಿರುಪು ಬಿಗಿಮಾಡಿ. ಈಗ ಕೊಳವೆಯನ್ನು ಅಲುಗಿಸದೆ ಫೈಂಡರಿನ ತಿರುಪುಗಳನ್ನು ಮಾತ್ರ ತಿರುಗಿಸುತ್ತಾ ಅದೇ ಗುರುತು ಅಡ್ಡಗೆರೆಗಳ ನಡುವೆ, ಅಥವಾ ಕೆಂಪು ಚುಕ್ಕೆಯ ಕೆಳಗೆ, ಬರುವಂತೆ ಮಾಡಿ. ಮೂರು ತಿರುಪಿನ ಫೈಂಡರಾದರೆ ಒಂದನ್ನು ಸಡಿಲಿಸಿ ಎದುರಿನದನ್ನು ಬಿಗಿಗೊಳಿಸಬೇಕು. ಎಲ್ಲವನ್ನೂ ಬಿಗಿಮಾಡುತ್ತಲೇ ಹೋದರೆ ಅದು ಜಾಗ ಬಿಟ್ಟು ಕದಲದು. ಮುಗಿದ ಮೇಲೆ 10ರ ಐಪೀಸ್ ಹಾಕಿ, ಗುರುತನ್ನು ಮತ್ತೆ ಮಧ್ಯಕ್ಕೆ ತಂದು ಇನ್ನೊಮ್ಮೆ ನವಿರಾಗಿ ಹೊಂದಿಸಿ. ಕತ್ತಲಾದ ಮೇಲೆ ಚಂದ್ರನ ಮೇಲೋ ಪ್ರಕಾಶಮಾನವಾದ ನಕ್ಷತ್ರದ ಮೇಲೋ ಒಮ್ಮೆ ಪರೀಕ್ಷಿಸಿದರಾಯಿತು. ಕೊಳವೆಯನ್ನು ಒಳಗೆ ಹೊರಗೆ ಒಯ್ಯುವಾಗ ಫೈಂಡರನ್ನೇ ಹಿಡಿಯಾಗಿ ಬಳಸಿದರೆ ಈ ಕೆಲಸವೆಲ್ಲ ಮತ್ತೆ ಮೊದಲಿನಿಂದ.

ಹಗಲಿನಲ್ಲಿ ಇನ್ನೊಂದು ಅನುಕೂಲ ಮಾಡಿಟ್ಟುಕೊಳ್ಳಿ. ದೂರದ ಗುರುತು ಸ್ಪಷ್ಟವಾಗಿ ಕಂಡಾಗ ಫೋಕಸರಿನ ಒಳಕೊಳವೆ ಎಷ್ಟು ಹೊರಬಂದಿದೆ ಎಂದು ನೋಡಿ, ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಿರಿ. ನಕ್ಷತ್ರಗಳಿಗೆ ಫೋಕಸ್ ಅಲ್ಲಿಂದ ಕೂದಲೆಳೆಯಷ್ಟು ಒಳಗೆ ಬೀಳುತ್ತದೆ. ಇದಿಲ್ಲದೆ ರಾತ್ರಿ ಹೊರಟರೆ ಫೋಕಸ್ ತಪ್ಪಿದ ಐಪೀಸಿನಲ್ಲಿ ಮಂದ ನಕ್ಷತ್ರಗಳು ಹರಡಿ ಮಾಯವಾಗುತ್ತವೆ, ಆಕಾಶವೇ ಖಾಲಿ ಅನ್ನಿಸುತ್ತದೆ. ಪ್ರತಿ ಐಪೀಸಿಗೂ ಫೋಕಸ್ ಸ್ವಲ್ಪ ಬೇರೆ, ಬದಲಿಸಿದಾಗಲೆಲ್ಲ ಮತ್ತೆ ತಿರುಗಿಸಬೇಕು. ನಕ್ಷತ್ರ ಸೂಜಿಮೊನೆಯಷ್ಟು ಚಿಕ್ಕದಾದಾಗ ಫೋಕಸ್ ಸರಿಯಾಗಿದೆ ಎಂದು ತಿಳಿಯಿರಿ. ದೊಡ್ಡ ದುಂಡು ಬಿಲ್ಲೆಯಾಗಿ ಕಂಡರೆ ಅದು ಗ್ರಹವಲ್ಲ, ಫೋಕಸ್ ತಪ್ಪಿದ ನಕ್ಷತ್ರ. ಕನ್ನಡಿಯ ಟೆಲಿಸ್ಕೋಪ್ ಇರುವವರಿಗೆ ಆ ಬಿಲ್ಲೆಯ ನಡುವೆ ಕಪ್ಪು ತೂತೂ ಕಾಣುತ್ತದೆ. ಅದು ಒಳಗಿನ ಚಿಕ್ಕ ಕನ್ನಡಿಯ ನೆರಳು, ದೋಷವಲ್ಲ. ಫೋಕಸಿನಿಂದ ಸ್ವಲ್ಪ ಸರಿಸಿದಾಗ ಆ ನೆರಳು ನಟ್ಟನಡುವೆ ಇಲ್ಲದೆ ಒಂದು ಬದಿಗೆ ವಾಲಿದ್ದರೆ ಮಾತ್ರ ಕನ್ನಡಿಗಳನ್ನು ಸಾಲುಗೂಡಿಸಬೇಕಾಗುತ್ತದೆ.

ನಿಮ್ಮದು ಮಸೂರದ ಟೆಲಿಸ್ಕೋಪ್ ಆದ್ದರಿಂದ ಜೋಡಣೆಯ ಕ್ರಮ ಇಷ್ಟೇ: ಫೋಕಸರಿಗೆ 90 ಡಿಗ್ರಿ ಡಯಾಗನಲ್ (ಬೆಳಕನ್ನು ಅಡ್ಡಕ್ಕೆ ತಿರುಗಿಸುವ ಮೊಣಕೈಯಂಥ ತುಂಡು), ಡಯಾಗನಲ್‌ಗೆ ಐಪೀಸ್. ಡಯಾಗನಲ್ ಬಿಟ್ಟು ನೇರವಾಗಿ ಐಪೀಸ್ ಸಿಕ್ಕಿಸಿದರೆ ಅನೇಕ ಕೊಳವೆಗಳಲ್ಲಿ ಫೋಕಸ್ ಬಿಂದುವಿಗೆ ಎಟುಕುವುದೇ ಇಲ್ಲ. ಚಿತ್ರವನ್ನು ನೆಟ್ಟಗೆ ಮಾಡುವ ಉದ್ದನೆಯ ಕೊಳವೆಯೊಂದು ಕಿಟ್‌ನಲ್ಲಿದ್ದರೆ ಅದು ಹಗಲಿನ ದೃಶ್ಯಗಳಿಗೆ, ರಾತ್ರಿ ಅದರಿಂದ ಬೆಳಕು ನಷ್ಟ. ಡಯಾಗನಲ್‌ನಲ್ಲಿ ಮೇಲು ಕೆಳಗು ಸರಿಯಿದ್ದು ಎಡಬಲ ಅದಲುಬದಲಾಗುತ್ತದೆ. ನಕ್ಷೆಯ ಜೊತೆ ಹೋಲಿಸುವಾಗ ಇದು ನೆನಪಿರಲಿ.

ನಡುಕದ ವಿಷಯಕ್ಕೆ ಬಂದರೆ, ಕಿಟ್ ಟೆಲಿಸ್ಕೋಪುಗಳ ನಿಜವಾದ ದೌರ್ಬಲ್ಯ ಮಸೂರದಲ್ಲಿಲ್ಲ, ಕಾಲುಗಳಲ್ಲಿದೆ. ಟ್ರೈಪಾಡನ್ನು ಪೂರ್ತಿ ಉದ್ದ ಮಾಡಬೇಡಿ. ಕಾಲುಗಳನ್ನು ಒಳಗೆ ತಳ್ಳಿ ಗಿಡ್ಡ ಮಾಡಿ, ಕುರ್ಚಿಯಲ್ಲಿ ಕುಳಿತು ನೋಡಿ. ಕುಳಿತು ನೋಡುವವರ ತಲೆ ಅಲುಗುವುದು ಕಡಿಮೆ, ಕಾಣುವುದು ಹೆಚ್ಚು. ಕಾಲುಗಳ ನಡುವಿನ ತಟ್ಟೆಯನ್ನು ತಪ್ಪದೆ ಸಿಕ್ಕಿಸಿ, ಅದು ಕಾಲುಗಳನ್ನು ಹಿಗ್ಗಿಸಿ ಹಿಡಿಯುತ್ತದೆ. ಎಲ್ಲ ಬೋಲ್ಟುಗಳನ್ನೂ ಒಮ್ಮೆ ಬಿಗಿಮಾಡಿ, ತಟ್ಟೆಯ ಕೆಳಗೆ ಎರಡು ಮೂರು ಕಿಲೋ ತೂಕದ ಚೀಲವೊಂದನ್ನು ತೂಗುಹಾಕಿ. ಸರಿಯಾಯಿತೇ ಎಂದು ನೋಡಲು 10ರ ಐಪೀಸಿನಲ್ಲಿ ನಕ್ಷತ್ರವೊಂದನ್ನು ನೋಡುತ್ತಾ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಎರಡು ಮೂರು ಸೆಕೆಂಡಿನಲ್ಲಿ ಅಲುಗಾಟ ನಿಂತರೆ ಚೆನ್ನಾಗಿದೆ. ಐದಾರು ಸೆಕೆಂಡಾದರೂ ನಿಲ್ಲದಿದ್ದರೆ ಎಲ್ಲೋ ಒಂದು ಬೋಲ್ಟ್ ಸಡಿಲವಿದೆ.

ಇಂಥ ಸ್ಟ್ಯಾಂಡುಗಳಲ್ಲಿ ಕೈಬಿಟ್ಟ ಕೂಡಲೇ ಕೊಳವೆ ತುಸು ಕೆಳಗೆ ಜಗ್ಗುತ್ತದೆ. ಎಷ್ಟು ಜಗ್ಗುತ್ತದೆಂದು ಒಂದೆರಡು ಸಲ ನೋಡಿಕೊಂಡು, ಅಷ್ಟು ಮೇಲಕ್ಕೆ ಗುರಿಯಿಟ್ಟು ಬಿಡಿ. ಗ್ರಹವನ್ನು ಯಾವಾಗಲೂ ಮಧ್ಯದಲ್ಲೇ ಹಿಡಿದಿಡಲು ಹೋಗಬೇಡಿ. ಅದು ಯಾವ ಕಡೆಗೆ ಸರಿಯುತ್ತಿದೆ ಎಂದು ಗಮನಿಸಿ, ಎದುರು ಅಂಚಿನಲ್ಲಿ ತಂದು ಬಿಟ್ಟು, ಕೈ ತೆಗೆದುಬಿಡಿ. ಅದು ಮಧ್ಯಕ್ಕೆ ಬರುವಷ್ಟರಲ್ಲಿ ನಡುಕ ನಿಂತಿರುತ್ತದೆ. ಆ ಒಂದು ನಿಮಿಷದಲ್ಲಿ ಕಾಣುವುದೇ ನಿಮ್ಮ ಟೆಲಿಸ್ಕೋಪಿನ ನಿಜವಾದ ಸಾಮರ್ಥ್ಯ.

ಇಡುವ ಜಾಗ ಮಣ್ಣು ಅಥವಾ ಹುಲ್ಲಿನ ನೆಲವಾದರೆ ಉತ್ತಮ. ಕಾಂಕ್ರೀಟ್ ತಾರಸಿ ಹಗಲಿನ ಬಿಸಿಯನ್ನು ರಾತ್ರಿ ಬಹಳ ಹೊತ್ತಿನವರೆಗೂ ಬಿಡುತ್ತಿರುತ್ತದೆ. ಏರುವ ಆ ಬಿಸಿಗಾಳಿಯ ಮೂಲಕ ನೋಡಿದರೆ ಗ್ರಹ ಹರಿಯುವ ನೀರಿನ ತಳದ ಕಲ್ಲಿನಂತೆ ಕದಡುತ್ತದೆ. ಪಕ್ಕದ ಮನೆಯ ಚಾವಣಿಯ ಮೇಲಿಂದ ಹಾದು ನೋಡುವಾಗಲೂ ಅಷ್ಟೇ. ಕಿಟಕಿಯ ಗಾಜಿನ ಮೂಲಕವಂತೂ ಬೇಡವೇ ಬೇಡ, ತೆರೆದ ಕಿಟಕಿಯೂ ಬೇಡ, ಒಳಗಿನ ಮತ್ತು ಹೊರಗಿನ ಗಾಳಿ ಬೆರೆಯುವುದು ಅಲ್ಲೇ. ಕೊಳವೆಯನ್ನು ನೋಡುವ ಇಪ್ಪತ್ತು ನಿಮಿಷ ಮೊದಲೇ ಹೊರಗಿಟ್ಟು ಹೊರಗಿನ ತಾಪಕ್ಕೆ ಬರಲು ಬಿಡಿ. ಗ್ರಹ ದಿಗಂತದಿಂದ 30 ಡಿಗ್ರಿಗಿಂತ ಮೇಲೇರುವವರೆಗೆ ಕಾಯಿರಿ. 30 ಡಿಗ್ರಿ ಎತ್ತರದಲ್ಲಿ ಅದರ ಬೆಳಕು ನೆತ್ತಿಯ ಮೇಲಿದ್ದಾಗಿನ ಎರಡರಷ್ಟು ಗಾಳಿಯನ್ನು ದಾಟಿ ಬರುತ್ತದೆ, ಅದಕ್ಕಿಂತ ಕೆಳಗೆ ಇನ್ನೂ ಹೆಚ್ಚು. ನಕ್ಷತ್ರಗಳು ಜೋರಾಗಿ ಮಿನುಗುವ ರಾತ್ರಿ ನೋಡಲು ಚೆಂದ, ಗ್ರಹಗಳಿಗೆ ಕೆಟ್ಟದ್ದು. ಆ ದಿನ 28 ಪಟ್ಟಿಗೇ ತೃಪ್ತಿಪಡಿ, ಮುಂದೆ ಹೇಳುವ ನಕ್ಷತ್ರಗುಚ್ಛಗಳನ್ನು ನೋಡಿ.

ಏನನ್ನು ಮೊದಲು ನೋಡಬೇಕು? ಚಂದ್ರನನ್ನೇ. ಆದರೆ ಹುಣ್ಣಿಮೆಯ ದಿನ ಅಲ್ಲ. ಅಂದು ಸೂರ್ಯನ ಬೆಳಕು ನೇರವಾಗಿ ಬಿದ್ದು ನೆರಳೇ ಇರುವುದಿಲ್ಲ, ಎಲ್ಲವೂ ಸಪಾಟು. ಟೈಕೋ ಕುಳಿಯಿಂದ ಚಿಮ್ಮಿದ ಬಿಳಿ ಗೆರೆಗಳಿಗೆ ಮಾತ್ರ ಅದು ಒಳ್ಳೆಯ ದಿನ. ಶುಕ್ಲಪಕ್ಷದ ಚೌತಿಯಿಂದ ದಶಮಿಯವರೆಗೆ, ಬೆಳಕು ಮತ್ತು ಕತ್ತಲೆ ಸೇರುವ ಗೆರೆಯ ಗುಂಟ ಕಣ್ಣು ಹಾಯಿಸಿ. ಅಲ್ಲಿ ಸೂರ್ಯ ಆಗಷ್ಟೇ ಹುಟ್ಟುತ್ತಿರುತ್ತಾನೆ, ಕುಳಿಗಳ ಅಂಚಿನ ನೆರಳು ಉದ್ದವಾಗಿ ಬಿದ್ದಿರುತ್ತದೆ. ಪಂಚಮಿ, ಷಷ್ಠಿಯ ಆಸುಪಾಸಿನಲ್ಲಿ ಥಿಯೋಫಿಲಸ್, ನವಮಿ, ದಶಮಿಯ ಹೊತ್ತಿಗೆ 93 ಕಿ.ಮೀ. ಅಗಲದ ಕೊಪರ್ನಿಕಸ್. 70 ಪಟ್ಟಿನಲ್ಲಿ ಕೊಪರ್ನಿಕಸ್‌ನ ಒಳಗೋಡೆಯ ಮೆಟ್ಟಿಲುಗಳನ್ನೂ ನಡುವಿನ ಬೆಟ್ಟಗಳನ್ನೂ ಬಿಡಿಸಿ ನೋಡಬಹುದು. ಗೆರೆಯಾಚೆಯ ಕತ್ತಲಲ್ಲಿ ಒಂಟಿ ಬೆಳಕಿನ ಚುಕ್ಕೆ ಕಂಡರೆ ಅದು ಬಿಸಿಲು ತಾಗಿದ ಬೆಟ್ಟದ ತುದಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ, ಚುಕ್ಕೆ ದೊಡ್ಡದಾಗಿರುತ್ತದೆ.

ಗುರು ಸಿಕ್ಕಿದ ಮೇಲೆ 28 ಪಟ್ಟಿನಲ್ಲಿ ಅದರ ಎಡಬಲಕ್ಕೆ ಒಂದೇ ಸಾಲಿನಲ್ಲಿ ಚುಕ್ಕೆಗಳು ಕಾಣುತ್ತವೆ: ಐಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ. ಕೆಲವೊಮ್ಮೆ ಮೂರೇ ಇರುತ್ತವೆ, ಒಂದು ಗುರುವಿನ ಹಿಂದೋ ಮುಂದೋ ಇರುತ್ತದೆ. ಐಯೋ 1.77 ದಿನಕ್ಕೊಂದು ಸುತ್ತು ಹಾಕುವುದರಿಂದ ಒಂದೆರಡು ಗಂಟೆಯಲ್ಲೇ ಅದು ಜರುಗಿದ್ದು ಗೊತ್ತಾಗುತ್ತದೆ. ನೋಡಿದ್ದನ್ನು ಕಾಗದದ ಮೇಲೆ ಚುಕ್ಕೆ ಹಾಕಿಟ್ಟು ಮರುದಿನ ಹೋಲಿಸಿ. 70 ಪಟ್ಟಿಗೆ ಹೋದಾಗ ಗುರುವಿನ ಮೈಮೇಲೆ ಅಡ್ಡಲಾಗಿ ಎರಡು ಕಂದು ಪಟ್ಟೆ ಕಾಣಬೇಕು, ಕಣ್ಣಿಟ್ಟ ಕೂಡಲೇ ಅಲ್ಲ, ಮೂರು ನಾಲ್ಕು ನಿಮಿಷ ನೋಡಿದ ಮೇಲೆ. ‘ಇಷ್ಟು ಚಿಕ್ಕದೇ?’ ಎಂದು ಹೆಚ್ಚಿನವರಿಗೆ ಅನ್ನಿಸುತ್ತದೆ. ನಿಜಕ್ಕೂ ಗುರು ಹತ್ತಿರವಿರುವ ತಿಂಗಳುಗಳಲ್ಲಿ 70 ಪಟ್ಟಿನಲ್ಲಿ ಅದರ ಬಿಲ್ಲೆ ಬರಿಗಣ್ಣಿನ ಚಂದ್ರನ ಒಂದೂವರೆಯಷ್ಟು ದೊಡ್ಡದು. ಸುತ್ತಲಿನ ಕರಿ ಬಯಲಿನಲ್ಲಿ ಹೋಲಿಸಲು ಬೇರೇನೂ ಇಲ್ಲದ್ದರಿಂದ ಚಿಕ್ಕದೆನಿಸುತ್ತದೆ, ಅಷ್ಟೇ.

ಶನಿ 28ರಲ್ಲಿ ಮೊಟ್ಟೆಯಾಕಾರದ ಹಳದಿ ಚುಕ್ಕೆ, 70ರಲ್ಲಿ ಬಳೆ ತೊಟ್ಟ ಗ್ರಹ. ಬಳೆಗಳ ಅಂಚು 2025ರ ಮಾರ್ಚ್‌ನಲ್ಲಿ ನಮ್ಮ ಕಡೆಗೆ ನೇರವಾಗಿತ್ತು. ಆ ಹೊತ್ತಿನ ಸುತ್ತಮುತ್ತ ಅವು ಬರೀ ತೆಳು ಗೆರೆ. ಅಲ್ಲಿಂದೀಚೆಗೆ ತೆರೆದುಕೊಳ್ಳುತ್ತಾ ಹೋಗಿ 2032ರ ಹೊತ್ತಿಗೆ ಅತಿ ಹೆಚ್ಚು ವಾಲಿರುತ್ತವೆ. ಹಾಗಾಗಿ ಚಿತ್ರಗಳಲ್ಲಿ ನೋಡಿದ ಅಗಲವಾದ ಬಳೆ ಕಾಣದಿದ್ದರೆ ಟೆಲಿಸ್ಕೋಪನ್ನು ದೂರಬೇಡಿ. ಶುಕ್ರ ಚಂದ್ರನ ಹಾಗೆ ಹೆಚ್ಚುತ್ತಾ ಕುಗ್ಗುತ್ತಾ ಆಕಾರ ಬದಲಿಸುತ್ತದೆ, ಪೂರ್ತಿ ಕತ್ತಲಾಗುವ ಮುನ್ನ ನೋಡಿದರೆ ಕಣ್ಣು ಕೋರೈಸದು. ಮಂಗಳ ಸುಮಾರು 26 ತಿಂಗಳಿಗೊಮ್ಮೆ ಹತ್ತಿರ ಬಂದಾಗ ಕೆಲವು ವಾರ ಮಾತ್ರ ನೋಡಲು ಯೋಗ್ಯ, ಉಳಿದ ದಿನ ಕೆಂಪು ಚುಕ್ಕೆ.

ನಕ್ಷತ್ರಗಳನ್ನು ಎಷ್ಟು ಹಿಗ್ಗಿಸಿದರೂ ಬಿಂದುಗಳೇ. ಅದರಿಂದ ನಿರಾಸೆ ಬೇಡ, ಜೋಡಿ ನಕ್ಷತ್ರಗಳಿವೆ. ಸಪ್ತರ್ಷಿ ಮಂಡಲದ ಬಾಲದ ನಡುವಿನ ವಸಿಷ್ಠ, ಅದರ ಪಕ್ಕ ಅರುಂಧತಿ. ಇವೆರಡನ್ನು ಬರಿಗಣ್ಣೇ ಬೇರ್ಪಡಿಸುತ್ತದೆ. 70 ಪಟ್ಟಿನಲ್ಲಿ ನೋಡಿ: ವಸಿಷ್ಠವೇ ಎರಡಾಗಿ ಒಡೆಯುತ್ತದೆ, ನಡುವೆ 14 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಭಾಗ) ಅಂತರ, ದೂರದಲ್ಲಿ ಅದೇ ವೃತ್ತದೊಳಗೆ ಅರುಂಧತಿ. ರಾಜಹಂಸ ಪುಂಜದ ಕೊಕ್ಕಿನ ತುದಿಯ ಅಲ್ಬಿರಿಯೋದಲ್ಲಿ ಒಂದು ಬಂಗಾರದ ಬಣ್ಣ, ಇನ್ನೊಂದು ನೀಲಿ. ಬಣ್ಣ ಚೆನ್ನಾಗಿ ಕಾಣಬೇಕಾದರೆ ಫೋಕಸನ್ನು ಒಂದಿಷ್ಟೇ ತಪ್ಪಿಸಿ.

ಡಿಸೆಂಬರಿನಿಂದ ಮಾರ್ಚ್‌ವರೆಗಿನ ಸಂಜೆಗಳಲ್ಲಿ ಕೃತ್ತಿಕೆಯನ್ನು 25ರ ಐಪೀಸಿನಲ್ಲೇ ನೋಡಬೇಕು, 10ರಲ್ಲಿ ಅದು ಕಿಟಕಿಯಿಂದ ಆಚೆ ಚೆಲ್ಲಿಹೋಗುತ್ತದೆ. ಮಹಾವ್ಯಾಧ (ಓರಿಯನ್) ಪುಂಜದ ಸೊಂಟಪಟ್ಟಿಯ ಕೆಳಗಿನ ಕತ್ತಿಯಲ್ಲಿ ಸುಮಾರು 1,300 ಜ್ಯೋತಿರ್ವರ್ಷ ದೂರದ ನಿಹಾರಿಕೆ ಇದೆ. ಅದರ ನಡುವೆ ಒತ್ತಾಗಿ ನಿಂತ ನಾಲ್ಕು ನಕ್ಷತ್ರಗಳು 70 ಪಟ್ಟಿನಲ್ಲಿ ಬಿಡಿಯಾಗುತ್ತವೆ. ನಿಹಾರಿಕೆ ಬೂದು ಬಣ್ಣದ್ದು, ಚಿತ್ರಗಳ ಗುಲಾಬಿ ಬಣ್ಣ ಕಣ್ಣಿಗೆ ಕಾಣದು, ಏಕೆಂದರೆ ಮಂದ ಬೆಳಕಿನಲ್ಲಿ ಬಣ್ಣ ಗುರುತಿಸುವ ಕಣ್ಣಿನ ಕೋಶಗಳು ಕೆಲಸ ಮಾಡುವುದಿಲ್ಲ. ಇಂಥ ಮಂದ ವಸ್ತುಗಳಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಕತ್ತಲಿಗೆ ಕಣ್ಣು ಹೊಂದಿಕೊಳ್ಳಬೇಕು. ನಡುವೆ ಒಮ್ಮೆ ಫೋನ್ ನೋಡಿದರೂ ಲೆಕ್ಕ ಮತ್ತೆ ಸೊನ್ನೆಯಿಂದ. ಟಾರ್ಚಿಗೆ ಕೆಂಪು ಕಾಗದ ಸುತ್ತಿ. ನೋಡುವಾಗ ವಸ್ತುವಿನ ಮೇಲೇ ದೃಷ್ಟಿ ನೆಡದೆ ತುಸು ಪಕ್ಕಕ್ಕೆ ನೋಡಿ, ಕಾಣದಿದ್ದ ಅಂಚುಗಳು ಕಾಣಿಸಿಕೊಳ್ಳುತ್ತವೆ. ಚಂದ್ರ ಮತ್ತು ಗ್ರಹಗಳಿಗೆ ಈ ಕಾಯುವಿಕೆ ಬೇಕಿಲ್ಲ.

ಸೂರ್ಯನ ಬಗ್ಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಕಿಟ್‌ನಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜಿದ್ದರೆ ಅದನ್ನು ಇವತ್ತೇ ಒಡೆದು ಎಸೆಯಿರಿ. ಮಸೂರ ಒಟ್ಟುಗೂಡಿಸಿದ ಶಾಖವೆಲ್ಲ ಅದರ ಮೇಲೆ ಬಿದ್ದು ಗಾಜು ಥಟ್ಟನೆ ಸೀಳುತ್ತದೆ, ಕಣ್ಣು ಶಾಶ್ವತವಾಗಿ ಹೋಗುತ್ತದೆ. ಸೂರ್ಯನನ್ನು ನೋಡಲೇಬೇಕೆಂದಿದ್ದರೆ, ಕೊಳವೆಯ ಮುಂಬಾಯಿಯನ್ನು ಪೂರ್ತಿ ಮುಚ್ಚುವ, ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ ಸೌರ ಶೋಧಕ ಬೇಕು. ಗಾಳಿಗೆ ಹಾರದಂತೆ ಅದನ್ನು ಅಂಟುಪಟ್ಟಿಯಿಂದ ಬಿಗಿದು, ಪ್ರತಿ ಸಲವೂ ಬೆಳಕಿಗೆ ಹಿಡಿದು ತೂತಿಲ್ಲವೆಂದು ನೋಡಿ, ಫೈಂಡರನ್ನು ಕಳಚಿಡಬೇಕು. ಹಗಲಿನಲ್ಲಿ ಟೆಲಿಸ್ಕೋಪನ್ನು ಮಕ್ಕಳ ಕೈಗೆ ಒಂಟಿಯಾಗಿ ಬಿಡಬೇಡಿ.

ದೊಡ್ಡದು ಕೊಳ್ಳಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಕೊಳ್ಳುವುದಿದ್ದರೆ ಮೊದಲು ಒಳ್ಳೆಯ ಗುಣಮಟ್ಟದ 6 ಮಿ.ಮೀ. ಐಪೀಸ್ ಒಂದು, 1.25 ಇಂಚಿನದು. ನಿಮಗೆ ಸುಮಾರು 117 ಪಟ್ಟು ಕೊಡುತ್ತದೆ, ಶಾಂತ ರಾತ್ರಿಗಳಲ್ಲಿ ಈ ಮಸೂರ ತಾಳಿಕೊಳ್ಳುವ ವರ್ಧನೆ ಅದು. ಒಂದು ವರ್ಷ ಇದೇ ಟೆಲಿಸ್ಕೋಪಿನಲ್ಲಿ ಆಕಾಶದ ದಾರಿಗಳು ಪರಿಚಯವಾದ ಮೇಲೆ, ಮಂದ ನಿಹಾರಿಕೆ ಮತ್ತು ಗೆಲಾಕ್ಸಿಗಳ ಆಸೆ ಹುಟ್ಟಿದರೆ, 150 ಅಥವಾ 200 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್ (ಸರಳ ತಿರುಗುವ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ನೋಡಿ. 150 ಮಿ.ಮೀ. ಕನ್ನಡಿ ನಿಮ್ಮ ಮಸೂರಕ್ಕಿಂತ ನಾಲ್ಕೂವರೆ ಪಟ್ಟು, 200ರದು ಎಂಟು ಪಟ್ಟು ಬೆಳಕು ಹಿಡಿಯುತ್ತದೆ. ಹೊತ್ತು ಹೊರಗೆ ತರಲು ಬೇಸರವಾಗುವಷ್ಟು ಭಾರದ್ದು ಬೇಡ, ಮೂಲೆ ಸೇರುತ್ತದೆ.

ಕೊನೆಗೆ ಮಸೂರದ ಆರೈಕೆ. ನಾಲ್ಕಾರು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗದು, ಬಟ್ಟೆಯಿಂದ ಉಜ್ಜಿದರೆ ಲೇಪನ ಗೀರಾಗುತ್ತದೆ. ರಬ್ಬರ್ ಬುರುಡೆಯಿಂದ ಗಾಳಿ ಊದಿದರೆ ಸಾಕು. ನಡುರಾತ್ರಿಯ ಹೊತ್ತಿಗೆ ನಕ್ಷತ್ರಗಳ ಸುತ್ತ ಮಂಜಿನ ವೃತ್ತ ಕಂಡು ಎಲ್ಲವೂ ಮಂಕಾಗತೊಡಗಿದರೆ ಮಸೂರದ ಮೇಲೆ ಇಬ್ಬನಿ ಕೂತಿದೆ ಎಂದರ್ಥ. ಅದನ್ನು ಒರೆಸಬೇಡಿ. ಕಪ್ಪು ದಪ್ಪ ಕಾಗದವನ್ನು ಮುಂಬಾಯಿಗೆ ಸುತ್ತಿ 15ರಿಂದ 20 ಸೆಂ.ಮೀ. ಮುಂದಕ್ಕೆ ಚಾಚುವಂತೆ ಮಾಡಿದರೆ ಇಬ್ಬನಿ ಕೂರುವುದು ಬಹಳ ತಡವಾಗುತ್ತದೆ. ಒದ್ದೆಯಾದ ಮಸೂರಕ್ಕೆ ಮುಚ್ಚಳ ಹಾಕಿ ಪೆಟ್ಟಿಗೆಯೊಳಗಿಟ್ಟರೆ ಬೂಷ್ಟು ಹಿಡಿಯುತ್ತದೆ. ಕೊಳವೆಯ ಬಾಯಿ ತುಸು ಕೆಳಮುಖವಾಗಿರುವಂತೆ ಕೋಣೆಯಲ್ಲಿಟ್ಟು, ಪೂರ್ತಿ ಒಣಗಿದ ಮೇಲೆ ಮುಚ್ಚಳ ಹಾಕಿ.